ಎಡಗಾಲಿನವನನ್ನು ಹುಡುಕಿದ ಅತ್ತೆ

ಕಳೆದ ವಾರ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುತ್ತಿದ್ದಾಗ ರೈಲಿನಲ್ಲಿ ಎದುರು ಸೀಟಿನ ಹೆಂಗಸಿನ ಬುಟ್ಟಿಯಿಂದ ಒಂದು ನಿಂಬೆಹಣ್ಣು ಉರುಳಿಬಿತ್ತು. ಗಾಡಿ ತಿರುವಿನಲ್ಲಿ ವಾಲಿದ್ದರಿಂದ ಅದು ನಡುವಿನ ದಾರಿ ಹಿಡಿದು ಬಾಗಿಲಿನವರೆಗೂ ಓಡಿತು. ಅಲ್ಲಿ ನಿಂತಿದ್ದವನೊಬ್ಬ ತಟ್ಟನೆ ಕಾಲನ್ನು ಹಿಂದಕ್ಕೆ ಎಳೆದುಕೊಂಡು, ಬಗ್ಗಿ, ಹಣ್ಣನ್ನು ಕೈಯಲ್ಲಿ ಎತ್ತಿ, ಕಣ್ಣಿಗೊತ್ತಿಕೊಂಡು ತಂದುಕೊಟ್ಟ. ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ನಾನು ಮಾತ್ರ ಅವನ ಪಾದಗಳನ್ನೇ ನೋಡುತ್ತಿದ್ದೆ. ಮನುಷ್ಯರನ್ನು ಹಾಗೆ ಕೆಳಗಿನಿಂದ ನೋಡುವುದನ್ನು ನನಗೆ ಕಲಿಸಿದವರು ನಮ್ಮ ಮಹಡಿ ಮನೆಯ ಅತ್ತೆ. ಅವರಿಲ್ಲದ ಮನೆಗೆ ನಾನು ಅಂದು ಮೊದಲ ಸಲ ಹೊರಟಿದ್ದೆ...

ಎಂಬತ್ತರ ದಶಕದ ನಡುವಿನ ವರ್ಷಗಳು. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಹಾಸನದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು. ಸಮುದ್ರಕ್ಕೆ ಹತ್ತಿರದ ಬೀದಿಯೊಂದರಲ್ಲಿ ಕೆಳಗಿನ ಮನೆ ನಮಗೆ ಸಿಕ್ಕಿತು. ಸಾಮಾನು ಇಳಿಸುವ ಗಡಿಬಿಡಿಯಲ್ಲಿ ನಾನು ಏನನ್ನೋ ಬೀಳಿಸಿದೆ, ಅಮ್ಮ ಜೋರಾಗಿ ಬೈದರು. ಆಗ ಮೆಟ್ಟಿಲಿಳಿದು ಬಂದ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಕನ್ನಡದಾಗ ಬೈಯೋದು ಕೇಳಿ ಎಷ್ಟು ದಿನ ಆಗಿತ್ರೀ! ಇನ್ನೊಂದ್ಸಲ ಬೈರಿ" ಎಂದರು. ಅವರು ಬಳ್ಳಾರಿ ಕಡೆಯವರು, ಮದುವೆಯಾಗಿ ಬಂದದ್ದು ತೆಲುಗು ಮನೆಗೆ. ಮಕ್ಕಳಿರಲಿಲ್ಲ. ಅಂದಿನಿಂದ ಅವರು ನನಗೆ ಅತ್ತೆ, ಅವರ ಗಂಡ ಮಾವಯ್ಯ.

ಮಾವಯ್ಯ ಫುಟ್‌ಬಾಲ್ ಆಟಗಾರರು. ದೊಡ್ಡದೊಂದು ಕಂಪನಿ ಅವರನ್ನು ಆಟಕ್ಕಾಗಿಯೇ ಕೆಲಸಕ್ಕೆ ತೆಗೆದುಕೊಂಡಿತ್ತು. ಬೆಳಿಗ್ಗೆ ಅಭ್ಯಾಸ, ಆಮೇಲೆ ಸ್ವಲ್ಪ ಹೊತ್ತು ಕುರ್ಚಿ, ಮತ್ತೆ ಮೈದಾನ. ಸಂಬಳ ಬರುತ್ತಿದ್ದುದು ಕಾಲಿಗೆ ಎಂದು ಅತ್ತೆ ನಗುತ್ತಿದ್ದರು. ಆ ತಂಡದಲ್ಲಿ ಗೋಲು ಹೊಡೆಯುವ ಮುಂದಿನ ಸಾಲಿನವರು ಬೇಕಾದಷ್ಟಿದ್ದರು. ಅವರಲ್ಲಿ ಕೆಲವರಿಗೆ ವರ್ಷವಿಡೀ ಬೆಂಚಿನ ಮೇಲೆ ಕೂರುವುದೇ ಕೆಲಸ. ಗೋಲ್‌ಕೀಪರ್ ಕೂಡ ಒಬ್ಬರಿಗಿಬ್ಬರು. ಆದರೆ ಗೋಲಿನ ಮುಂದೆ ಎಡಬದಿಯನ್ನು ಕಾಯುವ ಜಾಗಕ್ಕೆ, ಅವರೆಲ್ಲ ಲೆಫ್ಟ್ ಬ್ಯಾಕ್ ಎನ್ನುತ್ತಿದ್ದ ಜಾಗಕ್ಕೆ, ಮಾವಯ್ಯ ಒಬ್ಬರೇ.

ನನಗಾಗ ಎಲ್ಲದಕ್ಕೂ ಕಾರಣ ಬೇಕಾಗಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಮಾವಯ್ಯ ಅತ್ತೆಯಿಂದ ಕಲಿತ ಕನ್ನಡದಲ್ಲಿ ಹೇಳಿದರು: "ಎಲ್ಲರಿಗೂ ಗೋಲ್ ಹೊಡೀಬೇಕು, ಅಮ್ಮಾಯಿ. ಹಿಂದೆ ನಿಂತು ಕಾಯೋದು ಯಾರಿಗೆ ಬೇಕು? ಅದಕ್ಕೆ ಎಡಗಾಲು ಬೇರೆ ಬೇಕು. ಎಡಗಾಲಿನವರು ಎಲ್ಲಿದ್ದಾರೆ, ಹೇಳು?" ಉತ್ತರ ಸರಿಯಾಗಿಯೇ ಇದೆ ಎನ್ನಿಸಿತು. ಕೆಲವು ತಿಂಗಳು ಹಾಗೆಯೇ ಅನ್ನಿಸಿತ್ತು.

ಆ ವರ್ಷ ಅವರ ಎಡ ಮೊಣಕಾಲು ಪ್ರತಿ ಪಂದ್ಯದ ನಂತರವೂ ಊದಿಕೊಳ್ಳತೊಡಗಿತು. ಒಂದು ಋತು ಪೂರ್ತಿ ಆಡದೆ ಸುಮ್ಮನಿರಬೇಕು, ಇಲ್ಲದಿದ್ದರೆ ಜೀವನಪರ್ಯಂತ ಕುಂಟಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಸಂಕ್ರಾಂತಿ ಕಳೆದ ಮೇಲೆ ವಿಜಯವಾಡದಲ್ಲಿ ದೊಡ್ಡ ಪಂದ್ಯಾವಳಿ ಇತ್ತು. ತಂಡದ ಕೋಚ್ ಮನೆಗೇ ಬಂದರು. ಅತ್ತೆ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು, ರಜೆ ಕೊಡುವುದಕ್ಕೆ ತಮ್ಮ ಅಡ್ಡಿಯಿಲ್ಲ, ಆದರೆ ಆ ಜಾಗದಲ್ಲಿ ನಿಲ್ಲಿಸುವುದು ಯಾರನ್ನು ಎಂದು ಕೇಳಿದರು. "ಇಂಕೆವರುನ್ನಾರಮ್ಮಾ? ಬೇರೆ ಯಾರಿದ್ದಾರೆ, ನೀವೇ ಹೇಳಿ."

"ನಾನೇ ಹುಡುಕಿಕೊಟ್ರ?" ಎಂದರು ಅತ್ತೆ.

ಕೋಚ್ ನಕ್ಕರು. ಮಾವಯ್ಯನೂ ನಕ್ಕರು. ಆದರೆ ಮಾತು ಪಕ್ಕಾ ಆಯಿತು: ಯಾರಾದರೂ ಸಿಕ್ಕರೆ ಮಾವಯ್ಯನಿಗೆ ರಜೆ.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಅತ್ತೆಯ ಜೊತೆ ತಿರುಗುವುದು ನನ್ನ ಪಾಲಿಗೆ ಬಂತು. ಮೊದಲು ಬೀಚಿಗೆ ಹೋದೆವು. ಮರಳಿನ ಮೇಲೆ ಚೆಂಡಾಡುವವರೆಲ್ಲ ಬಲಗಾಲಿನವರೇ. ಆಮೇಲೆ ಬಸ್ ನಿಲ್ದಾಣದಲ್ಲಿ ನಿಂತು, ಇಳಿಯುವವರು ಯಾವ ಕಾಲನ್ನು ಮೊದಲು ಊರುತ್ತಾರೆ ಎಂದು ನೋಡಿದೆವು. ಅದರಿಂದ ಏನೂ ಗೊತ್ತಾಗುವುದಿಲ್ಲ, ಎದುರಿಗೆ ಏನಾದರೂ ಉರುಳಿ ಬಂದಾಗ ತಡೆಯಲು ಚಾಚುವ ಕಾಲೇ ನಿಜವಾದದ್ದು ಎಂದು ಮಾವಯ್ಯ ತಮಾಷೆಗೆ ಹೇಳಿದರು. ಅತ್ತೆ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಮಾರನೆಯ ಸಂಜೆ ತರಕಾರಿ ಚೀಲದಿಂದ ಬೇಕೆಂದೇ ನಿಂಬೆಹಣ್ಣು ಬೀಳಿಸುತ್ತಾ ಪೂರ್ಣಾ ಮಾರ್ಕೆಟ್ಟಿನ ಬೀದಿಯಲ್ಲಿ ನಡೆದರು.

ಒಬ್ಬರೂ ಕಾಲು ಚಾಚಲಿಲ್ಲ. ತಿನ್ನುವ ವಸ್ತುವಿಗೆ ಕಾಲು ತಗಲಿಸುವವರು ಯಾರು? ಎಲ್ಲರೂ ಹೌಹಾರಿ ಪಕ್ಕಕ್ಕೆ ಸರಿದರು, ಬಗ್ಗಿ ಕೈಯಲ್ಲಿ ಎತ್ತಿಕೊಟ್ಟರು. ಒಬ್ಬ ಮುದುಕರಂತೂ ಹಿಂದೆಯೇ ಬಂದು, ಚೀಲ ಹರಿದಿದೆ ನೋಡಿಕೋ ತಾಯಿ ಎಂದು ಬುದ್ಧಿ ಹೇಳಿದರು. ಮನೆಗೆ ಬಂದಾಗ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲ ಕಣ್ರೀ, ಈ ಊರಿನ ಗಂಡಸರೆಲ್ಲ ಇಷ್ಟು ಮರ್ಯಾದಸ್ಥರು ಅಂತ ನನಗೆ ಗೊತ್ತೇ ಇರಲಿಲ್ಲ!"

"ಮರ್ಯಾದಿ ತಗೊಂಡು ಏನ್ಮಾಡ್ಲಿ, ನನಗ ಬೇಕಾಗಿರೋದು ಕಾಲು" ಎಂದರು ಅತ್ತೆ.

ಆ ವೈಫಲ್ಯದಿಂದಲೇ ಅವರಿಗೆ ಹೊಸ ವಿಚಾರ ಹೊಳೆಯಿತು. ಎಡಗಾಲಿನವರು ಹುಟ್ಟುತ್ತಾರೆ, ಆದರೆ ಹೊಸ್ತಿಲಿಗೆ ಬಲಗಾಲು, ಮಣೆಗೆ ಬಲಗಾಲು ಎಂದು ತಿದ್ದಿ ತಿದ್ದಿ ಮನೆಯವರು ಅವರನ್ನು ಮರೆಮಾಡಿಬಿಡುತ್ತಾರೆ. ಹಾಗಾದರೆ ಅವರನ್ನು ನೋಡಬೇಕಾದದ್ದು ಹೊಸ್ತಿಲಲ್ಲಿ, ತಿದ್ದಿಕೊಳ್ಳುವ ಗಳಿಗೆಯಲ್ಲಿ. ಅದಕ್ಕೆ ದೇವಸ್ಥಾನಕ್ಕಿಂತ ಒಳ್ಳೆಯ ಜಾಗ ಯಾವುದು?

ಒಂದು ಶನಿವಾರ ಸಿಂಹಾಚಲಕ್ಕೆ ಹೋದೆವು. ದರ್ಶನ ಮುಗಿಸಿ, ಒಳಬಾಗಿಲ ಹೊಸ್ತಿಲು ಕಾಣುವ ಹಾಗೆ ಕಂಬದ ಬುಡದಲ್ಲಿ ಕುಳಿತೆವು. ಎಷ್ಟೋ ಪಾದಗಳು ದಾಟಿಹೋದವು, ಎಲ್ಲವೂ ಬಲವೇ. ನನಗೆ ಪ್ರಸಾದದ ಪುಳಿಹೋರೆಯ ಕಡೆ ಗಮನ ಹೋಗಿತ್ತು. ಅಷ್ಟರಲ್ಲಿ ಅತ್ತೆ ನನ್ನ ಮೊಣಕೈ ಹಿಡಿದು ಅಲುಗಿಸಿದರು. ಗಟ್ಟಿಮುಟ್ಟಾದ ತರುಣನೊಬ್ಬ ಹೊಸ್ತಿಲ ಮುಂದೆ ಎಡಗಾಲನ್ನು ಎತ್ತಿ, ಗಾಳಿಯಲ್ಲಿಯೇ ತಡೆದು, ಸಣ್ಣದಾಗಿ ಕುಪ್ಪಳಿಸಿ ಬಲಗಾಲಿಟ್ಟು ಒಳಗೆ ಹೋದ.

"ಕುಣಿದ, ನೋಡ್ದೇನು? ಕುಣಿದ!" ಎಂದರು ಅತ್ತೆ, ಮೊಣಕೈ ಬಿಡದೆ.

ಅವನು ಹೊರಬರುವವರೆಗೆ ಕಾದೆವು. ಅತ್ತೆ ಅಡ್ಡ ನಿಂತು ತಮ್ಮ ಬಳ್ಳಾರಿ ತೆಲುಗಿನಲ್ಲಿ, "ಬಾಬೂ, ನಿನ್ನದು ಎಡಗಾಲಾ?" ಎಂದು ನೇರವಾಗಿ ಕೇಳಿದರು. ಅವನು ಗಾಬರಿಯಾದ. "ಇಲ್ಲಮ್ಮಾ, ಬಲಗಾಲೇ ಇಟ್ಟೆ, ಸ್ವಾಮಿ ಆಣೆಗೂ ಬಲಗಾಲೇ ಇಟ್ಟೆ!" ಎಂದು ಕೈಮುಗಿದ. ಅತ್ತೆ ನನಗೆ ಕಣ್ಸನ್ನೆ ಮಾಡಿದರು. ಚೀಲದಲ್ಲಿದ್ದ ರಬ್ಬರ್ ಚೆಂಡನ್ನು ನಾನು ಅವನ ಕಡೆಗೆ ಉರುಳಿಸಿದೆ. ಕೈಮುಗಿದಿದ್ದ ಹಾಗೆಯೇ, ಕೆಳಗೆ ನೋಡದೆಯೇ, ಅವನು ಎಡಪಾದದ ಒಳಬದಿಯಿಂದ ಅದನ್ನು ತಡೆದು ನಿಲ್ಲಿಸಿದ.

ಮೆಟ್ಟಿಲ ಪಕ್ಕದ ನೆರಳಿನಲ್ಲಿ ಮೂವರೂ ಕುಳಿತು ಮಾತಾಡಿದೆವು. ಬಂದರಿನ ಹತ್ತಿರ ವೆಲ್ಡಿಂಗ್ ಕೆಲಸವಂತೆ, ಭಾನುವಾರ ಆಟವಂತೆ. ಕಂಪನಿಯ ತಂಡದ ಹೆಸರು ಕೇಳುತ್ತಿದ್ದಂತೆ ಅವನು ತಲೆಯಾಡಿಸಿದ. ಅಲ್ಲಿಗೆ ತಾನು ಹಿಂದೆಯೇ ಹೋಗಿದ್ದೆ, ಆಯ್ಕೆಯ ದಿನ ಹಿಂದಿನ ಸಾಲಿನಲ್ಲಿ ಆಡುತ್ತೇನೆಂದು ನಿಂತಿದ್ದೆ ಎಂದ. "ಅಲ್ಲಿ ಲೆಫ್ಟ್ ಬ್ಯಾಕ್ ಆಡುವ ಅಣ್ಣ ಇದ್ದಾರಲ್ಲ, ಅವರೇ ನನ್ನನ್ನು ಪಕ್ಕಕ್ಕೆ ಕರೆದರಮ್ಮಾ. ನಿನ್ನ ಓಟಕ್ಕೆ ನೀನು ಹಿಂದೆ ನಿಲ್ಲಬಾರದು, ಮುಂದಿನ ಸಾಲು, ಫಾರ್ವರ್ಡ್ ಅಂತ ಹೇಳು ಅಂದರು. ಹಾಗೇ ಹೇಳಿದೆ. ಅಷ್ಟು ಜನ ಫಾರ್ವರ್ಡ್‌ಗಳ ನಡುವೆ ನನ್ನನ್ನು ಯಾರು ತಗೋತಾರೆ? ನನ್ನ ಜೊತೆ ಬಂದ ಇನ್ನೊಬ್ಬ ಎಡಗಾಲಿನವನಿಗೂ ಹಾಗೇ ಆಯ್ತು." ಅವನ ಮಾತಿನಲ್ಲಿ ದೂರಿರಲಿಲ್ಲ. ಆ ಅಣ್ಣ ತನ್ನನ್ನು ಹೊಗಳಿದರು ಎಂದೇ ಅವನು ತಿಳಿದಿದ್ದ.

ಅತ್ತೆ ಚೆಂಡನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ತಾವು ಯಾರೆಂದು ಅವನಿಗೆ ಹೇಳಿ, ಮನೆಯ ಗುರುತು ಕೊಟ್ಟು, ಭಾನುವಾರ ಬರಲು ಹೇಳಿದರು. ಅವನ ಮುಖ ಕಪ್ಪಿಟ್ಟಿತು. "ಹೆದರಬ್ಯಾಡ ತಮ್ಮಾ," ಎಂದರು ಕನ್ನಡದಲ್ಲೇ, ಆಮೇಲೆ ತೆಲುಗಿನಲ್ಲಿ ಬಿಡಿಸಿ ಹೇಳಿದರು: ಈ ಹಳೆಯ ಮಾತು ಅಲ್ಲಿ ಎತ್ತಬೇಡ, ಅವರನ್ನು ಮೊದಲ ಸಲ ನೋಡಿದ ಹಾಗಿರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತವರು, ಊರು ಹತ್ತಿರವಾದಾಗ ನನ್ನ ಕಡೆ ತಿರುಗಿದರು. "ನೀನೂ ಹೇಳಬ್ಯಾಡವ್ವ. ನಿಮ್ಮಮ್ಮಗೂ."

ನಾನು ಹೇಳಲಿಲ್ಲ. ಆ ವಯಸ್ಸಿಗೇ ನನಗೆ ಮಾತನ್ನು ಒಳಗಿಟ್ಟುಕೊಳ್ಳುವುದು ಕಷ್ಟವಾಗುತ್ತಿರಲಿಲ್ಲ.

ಭಾನುವಾರ ಅವನು ಬಂದ. ಮಹಡಿಯ ಮೇಲೆ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದ ಮಾವಯ್ಯ ಅವನನ್ನು ನೋಡಿದರು. ಅವನು ನೆಲ ನೋಡಿದ. ಮಾವಯ್ಯ ಅವನನ್ನೇ ನೋಡುತ್ತಿದ್ದರು, ಇನ್ನೇನು ಬಾಯಿ ಬಿಡುತ್ತಾನೆ ಎಂದು ಕಾಯುವವರ ಹಾಗೆ. "ನಮಸ್ಕಾರಂ ಸಾರ್," ಎಂದ ಅವನು, "ನಿಮ್ಮ ಆಟದ ಬಗ್ಗೆ ಕೇಳಿದ್ದೇನೆ." ಅತ್ತೆ ಕಾಫಿ ತಂದರು. ಗಂಡನಿಗೂ ಕೊಟ್ಟರು, ಅವನಿಗೂ ಕೊಟ್ಟರು. "ನೀವು ಹೇಳಿದ್ರಲ್ಲ, ಎಡಗಾಲಿನವರು ಎಲ್ಲಿದ್ದಾರಂತ. ಸಿಂಹಾಚಲದಾಗ ಇದ್ರು ನೋಡ್ರಿ" ಎಂದು ನಕ್ಕರು. ಮಾವಯ್ಯ ನಗಲಿಲ್ಲ. ಕಾಫಿ ಪೂರ್ತಿ ಕುಡಿದರು, ಖಾಲಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕುಳಿತರು. ಕೊನೆಗೆ, "ನಾಳೆ ಬೆಳಕು ಹರಿಯೋ ಹೊತ್ತಿಗೆ ಬೀಚಿಗೆ ಬಾ" ಎಂದರು.

ಅವರು ಕಲಿಸಿದ್ದು ಅರೆಮನಸ್ಸಿನಿಂದಲ್ಲ. ಶಾಲೆಗೆ ರಜೆಯಿದ್ದ ದಿನಗಳಲ್ಲಿ ನಾನೂ ನೋಡಿದ್ದೇನೆ. ಒದ್ದೆ ಮರಳಿನಲ್ಲಿ ಕೋಲಿನಿಂದ ಗೆರೆ ಎಳೆದು, ಎದುರಾಳಿ ಎಲ್ಲಿಂದ ನುಗ್ಗುತ್ತಾನೆ, ಯಾವಾಗ ಕಾಲು ಚಾಚಬಾರದು, ಎಲ್ಲಿಯವರೆಗೆ ಕಾಯಬೇಕು... ಅಲೆ ಬಂದು ಗೆರೆ ಅಳಿಸಿದರೆ ಮತ್ತೆ ಎಳೆಯುತ್ತಿದ್ದರು. ಕೋಚ್ ಅವನನ್ನು ತಾತ್ಕಾಲಿಕವಾಗಿ ಸೇರಿಸಿಕೊಂಡರು.

ವಿಜಯವಾಡದ ಪಂದ್ಯಾವಳಿಗೆ ನಮ್ಮ ಮನೆಯವರೂ ಹೋದೆವು. ಕನಕದುರ್ಗಮ್ಮನ ದರ್ಶನವೂ ಆಗುತ್ತದೆ ಎಂದು ಅಮ್ಮ ಹಟ ಹಿಡಿದಿದ್ದರು. ವೆಲ್ಡರ್ ಎಡಬದಿಯಲ್ಲಿ ಗೋಡೆಯಂತೆ ನಿಂತ. ಜನ ಶಿಳ್ಳೆ ಹೊಡೆದರು. ಹಿಂದಿನ ಸಾಲಿನ ಆಟಗಾರನಿಗೆ ಶಿಳ್ಳೆ ಬಿದ್ದದ್ದನ್ನು ತಾವು ಕೇಳಿಯೇ ಇರಲಿಲ್ಲ ಎಂದು ಅಪ್ಪನ ಪಕ್ಕದಲ್ಲಿದ್ದವರೊಬ್ಬರು ಹೇಳಿದರು. ನಾನು ಅತ್ತೆಯ ಕಡೆ ನೋಡಿದೆ. ಅವರು ಆಟ ನೋಡುತ್ತಿರಲಿಲ್ಲ. ಬೆಂಚಿನ ಮೇಲೆ ಸಾಮಾನ್ಯ ಚಪ್ಪಲಿ ಹಾಕಿಕೊಂಡು ಕುಳಿತಿದ್ದ ಮಾವಯ್ಯನನ್ನು ನೋಡುತ್ತಿದ್ದರು. ಮಾವಯ್ಯ ಮಾತ್ರ ಚೆಂಡು ಎಡಬದಿಗೆ ಬಂದಾಗಲೆಲ್ಲ ಅರ್ಧ ಎದ್ದು ಮತ್ತೆ ಕೂರುತ್ತಿದ್ದರು.

ಋತು ಮುಗಿಯುವ ಹೊತ್ತಿಗೆ ಮೊಣಕಾಲು ವಾಸಿಯಾಯಿತು. ಜಾಗ ಅವರದಾಗಿ ಉಳಿದಿರಲಿಲ್ಲ. ಕಂಪನಿ ಅವರನ್ನು ವಿಜಯವಾಡದ ಕಚೇರಿಗೆ ಪೂರ್ತಿ ಹೊತ್ತಿನ ಗುಮಾಸ್ತರಾಗಿ ಕಳಿಸಿತು. ಹೊರಡುವ ಮುನ್ನ ನಾನು ಅತ್ತೆಯನ್ನು ಕೇಳಿದೆ, ನಿಮಗೆ ಮಾವಯ್ಯನ ಮೇಲೆ ಸಿಟ್ಟಿಲ್ಲವೇ ಎಂದು. ಪಾತ್ರೆಗಳಿಗೆ ಹಳೆಯ ಕಾಗದ ಸುತ್ತುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ನನಗ ಅವರ ಕಾಲು ಬೇಕಾಗಿತ್ತು, ಸಿಕ್ತು. ಅವರಿಗೆ ಬೇಕಾಗಿದ್ದು..." ಎಂದು ಅಷ್ಟಕ್ಕೇ ಬಿಟ್ಟರು.

ಆಮೇಲೆ ಅಪ್ಪನಿಗೂ ವರ್ಗವಾಯಿತು. ಎಂ.ಎಸ್ಸಿ. ಓದಲು ನಾನು ವಿಶಾಖಪಟ್ಟಣಕ್ಕೆ ಮರಳಿದ ಮೇಲೆ, ಅತ್ತೆಗೆ ಈ ಬೇಸಿಗೆಗೆ ಬರುತ್ತೇನೆ, ಮುಂದಿನ ಹಬ್ಬಕ್ಕೆ ಬರುತ್ತೇನೆ ಎನ್ನುತ್ತಲೇ ಇದ್ದೆ. ಅತ್ತೆ ಹೋದ ಸುದ್ದಿ ಅಮ್ಮನ ಮೂಲಕ ತಡವಾಗಿ ತಲುಪಿತು. ಜ್ವರವೆಂದು ಮಲಗಿದವರು ಏಳಲಿಲ್ಲವಂತೆ.

ಕಳೆದ ವಾರ ಮಾವಯ್ಯ ನನ್ನನ್ನು ಕನಕದುರ್ಗಮ್ಮನ ಬೆಟ್ಟ ಇಂದ್ರಕೀಲಾದ್ರಿಗೆ ಕರೆದುಕೊಂಡು ಹೋದರು. ಪ್ರತಿ ಶುಕ್ರವಾರ ಅತ್ತೆಯ ಜೊತೆ ಹತ್ತುತ್ತಿದ್ದರಂತೆ. ಕೂದಲು ನರೆತಿದೆ, ನಡಿಗೆಯಲ್ಲಿ ಮಾತ್ರ ಒಂದು ಎಳೆ ಕುಂಟೂ ಇಲ್ಲ. ಅರ್ಧ ದಾರಿಯಲ್ಲಿ, ಕೃಷ್ಣೆ ಕಾಣುವ ಕಡೆ ನಿಂತು, ನನ್ನ ಕಡೆ ನೋಡದೆ ಹೇಳಿದರು.

"ಅವಳಿಗೆ ಒಂದು ವಿಷಯ ಹೇಳಲೇ ಇಲ್ಲ, ಅಮ್ಮಾಯಿ. ಎಡಗಾಲಿನವರು ಬರ್ತಿದ್ರು. ನಾನೇ ಮುಂದಿನ ಸಾಲಿಗೆ ಕಳಿಸಿಬಿಡ್ತಿದ್ದೆ. ಅವಳು ಬಿಸಿಲಲ್ಲಿ ಬೀದಿ ಬೀದಿ ಹುಡುಕ್ತಾ ಇದ್ದಾಗಲೂ ಹೇಳಲಿಲ್ಲ. ಆ ಹುಡುಗ ಒಳ್ಳೆಯವನು, ನನ್ನ ಮಾನ ಉಳಿಸಿದ. ಒಂದು ಸಲ ಅವಳು ಕೇಳಿದ್ದಿದ್ರೆ ಹೇಳಿಬಿಡ್ತಿದ್ದೆ... ಕೇಳಲೇ ಇಲ್ಲ. ಗೊತ್ತಿಲ್ಲದೇ ಹೋಗಿಬಿಟ್ಟಳು."

ಅತ್ತೆಗೆ ಕೊಟ್ಟ ಮಾತು ನೆನಪಿತ್ತು. ಮುರಿಯುವುದು ಸರಿಯೋ ತಪ್ಪೋ ತಿಳಿಯಲಿಲ್ಲ. "ಅತ್ತೆಗೆ ಗೊತ್ತಿತ್ತು, ಮಾವಯ್ಯ," ಎಂದೆ. "ಸಿಂಹಾಚಲದಲ್ಲೇ ಗೊತ್ತಾಯಿತು. ಹೇಳಬೇಡ ಅಂತ ಅವನಿಗೆ ಹೇಳಿದವರೇ ಅತ್ತೆ."

ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಹತ್ತುವವರು ಅವರನ್ನು ಬಳಸಿಕೊಂಡು ಹತ್ತಿದರು. "ಹಾಗಾದ್ರೆ ಯಾಕೆ ಕೇಳಲಿಲ್ಲ?" ಎಂದರು ಮಾವಯ್ಯ. ಮತ್ತೆ ಅದನ್ನೇ ತೆಲುಗಿನಲ್ಲಿ, ತಮಗೆ ತಾವೇ.

ಗಂಡನನ್ನು ನಾಚಿಸಬಾರದೆಂದು ಅತ್ತೆ ಕೇಳಲಿಲ್ಲವೋ, ಅವರು ತಾವಾಗಿ ಹೇಳಲಿ ಎಂದು ಕಾಯುತ್ತಲೇ ಉಳಿದರೋ... ನನಗೂ ಗೊತ್ತಿಲ್ಲ. ಸಣ್ಣವಳಿದ್ದಾಗ ಎಲ್ಲದಕ್ಕೂ ಕಾರಣ ಕೇಳುತ್ತಿದ್ದ ನಾನು ಇದೊಂದನ್ನು ಕೇಳಬಹುದಾಗಿದ್ದವರು ಈಗ ಇಲ್ಲ. ಮಾವಯ್ಯನ ಪಕ್ಕದಲ್ಲಿ ನಾನೂ ಮೆಟ್ಟಿಲ ಮೇಲೆ ಕುಳಿತೆ.