ಎಂಟನೇ ಕ್ಲಾಸಿನ ತ್ಯಾಗದ ಪಾಠ

ಕಾನ್ವೆಂಟಿನಲ್ಲಿ ಎಂಟನೇ ಕ್ಲಾಸಿನ ಮಕ್ಕಳು ಏನೇನು ಓದುತ್ತಾರೆ ಎಂದು ನನ್ನನ್ನು ಮಾತ್ರ ಕೇಳಬೇಡಿ. ಇಂಗ್ಲಿಷು, ಕನ್ನಡ, ಹಿಂದಿ ಮೂರೂ ಬೇಕು. ಬೀಜಗಣಿತ ಬೇಕು. ಘರ್ಷಣೆ, ಜೀವಕೋಶ, ಸಂವಿಧಾನ, ಕಂಪ್ಯೂಟರು ಎಲ್ಲ ಬೇಕು. ಇಷ್ಟು ಸಾಲದೆಂದು ನೀತಿ ಪಾಠ ಬೇರೆ. ಓದಬೇಕಾದವಳು ಮಗಳು, ಬೆವರುವವಳು ನಾನು. ರಾಣೆಬೆನ್ನೂರಿನಲ್ಲಿ ನಮ್ಮದು ಬೀಜದ ಅಂಗಡಿ, ಮೇಲೆಯೇ ಮನೆ. ಸಂಜೆ ಗಲ್ಲಾ ಗಂಡನಿಗೆ ಒಪ್ಪಿಸಿ ಮೆಟ್ಟಿಲು ಹತ್ತಿ ಬಂದು ಅವಳೆದುರು ಕೂರುವುದು ನನ್ನ ನಿತ್ಯದ ಶಿಕ್ಷೆ.

ಓದಿಸುವುದು ಎಂದು ಹೆಸರಿಗಷ್ಟೆ, ನಡೆಯುವುದು ಜಗಳ. ಬೆಳೆಯ ಪಾಠದಲ್ಲಿ ಬರುವ ಖಾರಿಫ್ ಎಂದರೆ ನಮ್ಮ ಮುಂಗಾರಿ ಎಂದು ಬಿಡಿಸಿ ಹೇಳಿದರೆ, "ಹಂಗ ಬರದ್ರ ಮಾರ್ಕ್ಸ್ ನೀ ಕೊಡ್ತಿ ಏನು?" ಎನ್ನುತ್ತಾಳೆ. ನನಗೆ ಬರುವ ರೀತಿಯಲ್ಲಿ ಲೆಕ್ಕ ಮಾಡಿ ತೋರಿಸಿದರೆ, "ನಿಮ್ಮ ಕಾಲದ್ದು ಬ್ಯಾಡ ಮಮ್ಮಿ." ನಾನೂ ಬಿಡುವವಳಲ್ಲ. ಗಂಡ ಅಂಗಡಿ ಮುಚ್ಚಿ ಊಟಕ್ಕೆ ಬಂದರೂ ನಮ್ಮಿಬ್ಬರ ರಾದ್ಧಾಂತ ಮುಗಿದಿರುವುದಿಲ್ಲ.

ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಅಂಥದ್ದರಲ್ಲಿ ಒಂದು ದಿನ ಅವಳು ಎದುರಾಡುವುದನ್ನೇ ನಿಲ್ಲಿಸಿಬಿಟ್ಟಳು. ಈ ಲೆಕ್ಕ ಮತ್ತೆ ಮಾಡು ಎಂದರೆ, "ಆತು ಮಮ್ಮಿ." ಜಡೆ ಬಿಗಿಯಾಗಿ ಹಾಕಿಕೋ ಎಂದರೆ, "ಆತು ಮಮ್ಮಿ." ಬೇಕೆಂದೇ ಒಂದು ಹಿಂದಿ ಪದದ ಅರ್ಥ ತಪ್ಪು ಹೇಳಿದೆ. ಅದಕ್ಕೂ ಅದೇ ಉತ್ತರ. ಹಣೆ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ.

ಅತ್ತೆ ದೃಷ್ಟಿ ತೆಗೆಯಲು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. "ನೋಡು, ಎಂಥಾ ದೃಷ್ಟಿ ತಾಗೇತಿ ಕೂಸಿಗೆ!" ಎಂದು ಕಣ್ಣು ಬಿಟ್ಟರು. ಅವು ನನ್ನ ತವರು ಬ್ಯಾಡಗಿಯ ಮೆಣಸಿನಕಾಯಿ ಅತ್ತಿ, ಬಣ್ಣಕ್ಕಷ್ಟೆ, ಅವುಗಳಲ್ಲಿ ಘಾಟು ಎಲ್ಲಿಂದ ಬರಬೇಕು ಎಂದರೆ ಯಾರು ಕೇಳುತ್ತಾರೆ?

ಭಾನುವಾರ ಮಗಳು ಏಳುತ್ತಲೇ ತನ್ನ ಟವೆಲ್ಲು ಮುಟ್ಟಿದೆನೆಂದು ನನ್ನ ಮೇಲೆ ಹಾರಾಡಿದಳು. ಅತ್ತೆ ಬೀಗಿದರು. ಸೋಮವಾರ ಮತ್ತೆ "ಆತು ಮಮ್ಮಿ". ಮುಂದಿನ ವಾರವೂ ಅದೇ ಕಥೆ: ಶಾಲೆಯಿದ್ದ ದಿನ ಕಾಯಿಲೆ, ರಜೆಯ ದಿನ ಗುಣ. ಅಲ್ಲಿ ಯಾರೋ ಹುಡುಗಿಯನ್ನು ಹೆದರಿಸಿದ್ದಾರೆ ಎಂದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಶಾಲೆಗೆ ಹೋದೆ.

ನೀತಿ ಪಾಠದ ಸಿಸ್ಟರ್ ಮಂಗಳೂರು ಕಡೆಯವರು. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು: "ಈಸ್ಟರ್ ತನಕ ನಮಗೆ ತಪಸ್ಸು ಕಾಲ. ತ್ಯಾಗದ ಪಾಠ ಮಾಡುವಾಗ, ಮನಸ್ಸಿದ್ದವರು ತಮಗೆ ತುಂಬ ಇಷ್ಟವಾದದ್ದು ಒಂದನ್ನು ಬಿಡಬಹುದು ಅಂದೆ. ಯಾರಿಗೂ ಹೇಳಬಾರದು, ಭಾನುವಾರ ಬಿಡುವು. ನಿಮ್ಮ ಮಗಳು ಏನು ಬಿಟ್ಟಿದ್ದಾಳೋ ನನಗೂ ಗೊತ್ತಿಲ್ಲ."

ನನಗೆ ಗೊತ್ತಾಯಿತು. ಇಷ್ಟವಾದದ್ದಂತೆ! ಕಾಶಿಗೆ ಹೋದವರು ಇಷ್ಟದ ತಿನಿಸೊಂದನ್ನು ಅಲ್ಲೇ ಬಿಟ್ಟು ಬರಬೇಕು. ನಮ್ಮತ್ತೆ ಏನು ಬಿಟ್ಟು ಬಂದರು? ಹುಟ್ಟಿದಾಗಿನಿಂದ ಬಾಯಿಗಿಡದ ಹಾಗಲಕಾಯಿ. ನಮ್ಮ ಓಣಿಯಲ್ಲಿ ಕಾಶಿ ಕಂಡವರೆಲ್ಲ ಹಾಗಲಕಾಯಿಯನ್ನೇ ಬಿಟ್ಟವರು. ಮೊಮ್ಮಗಳು ಕಲಿತಿದ್ದೂ ಅದನ್ನೇ. ಬೇಡವಾಗಿದ್ದ ನನ್ನನ್ನು ದೇವರ ಹೆಸರು ಹೇಳಿ ಬಿಟ್ಟಿದ್ದಾಳೆ. ಆಟೋದಲ್ಲಿ ಮನೆಗೆ ಬರುವಾಗ ಅಳು ಬಂತು. ಸಿಟ್ಟೂ ಬಂತು, ಆದರೆ ಅಳುವೇ ಹೆಚ್ಚು.

ಭಾನುವಾರದವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಅಂದು ತಿಂಡಿಗೆ ಉಪ್ಪಿಟ್ಟು ಮಾಡಿದ್ದೆ, ಅವಳಿಗೆ ಆಗದ್ದು. ತಟ್ಟೆ ನೋಡಿ ಮುಖ ಸಿಂಡರಿಸಿ, "ಮತ್ತ ಉಪ್ಪಿಟ್ಟಾ?" ಎಂದದ್ದೇ ತಡ, ನನ್ನ ಬಾಯಿ ತೆರೆಯಿತು.

"ಅಜ್ಜಿ ಹಾಗಲಕಾಯಿ ಬಿಟ್ಟಂಗ ನನ್ನ ಬಿಟ್ಟಿ ಏನು? ಅಷ್ಟು ಬ್ಯಾಸರಾಗೇನೇನು ನಿನಗ?"

ಅವಳು ನನಗಿಂತ ಜೋರಾಗಿ ಕೂಗಿದಳು. "ಸಿಸ್ಟರ್ ಇಷ್ಟ ಇದ್ದದ್ದ ಬಿಡ್ರಿ ಅಂದಿದ್ರು! ಮೊದಲ ಚಾಕಲೇಟ್ ಬಿಡೂಣು ಅಂದ್ಕೊಂಡೆ. ಅದೇನು ಮಹಾ ಅನಿಸ್ತು. ನಿನ್ನ ಜೋಡಿ ಜಗಳ ಆಡೂದಕ್ಕಿಂತ ನನಗ ಇಷ್ಟ ಇದ್ದದ್ದು ಬ್ಯಾರೆ ಏನೈತಿ? ಯಾರಿಗೂ ಹೇಳಬಾರದಿತ್ತು, ಈಗ ಹೇಳಿಸಿಬಿಟ್ಟಿ!"

ಅತ್ತೆ ಚಹಾದ ಕಪ್ಪು ಹಿಡಿದು ನಮ್ಮಿಬ್ಬರ ಮುಖ ನೋಡುತ್ತಾ ಕೂತರು.  ಜಗಳದ ಬದಲು ಚಾಕಲೇಟನ್ನೇ ಬಿಡಬಾರದಾ ಎಂದು ಕೇಳಿದೆ. ಆಗುವುದಿಲ್ಲವಂತೆ, ಹಿಡಿದದ್ದನ್ನು ನಡುವೆ ಬದಲಿಸಬಾರದಂತೆ. ಅದಕ್ಕೂ ಒಂದು ವಾದ ಮಾಡಿದಳು, ಉಪ್ಪಿಟ್ಟು ಆರಿ ಗಟ್ಟಿಯಾಗುವವರೆಗೆ.

ಸೋಮವಾರ ಮತ್ತೆ "ಆತು ಮಮ್ಮಿ" ಶುರುವಾಯಿತು. ಈಸ್ಟರ್ ಎಂದು ಬರುತ್ತದೆಂದು ಅಂಗಡಿಯ ಕ್ಯಾಲೆಂಡರಿನಲ್ಲಿ ಹುಡುಕಿದೆ, ದೂರವಿತ್ತು. ಅದು ಬರುವವರೆಗೆ ಪ್ರತಿ ಶನಿವಾರ ಸಂಜೆ ಮರುದಿನದ ಉಪ್ಪಿಟ್ಟಿಗೆ ರವೆ ಹುರಿದಿಟ್ಟುಕೊಂಡೆ.