ಮುಚ್ಚಿದ ಕಿಟಕಿಗಳ ಅಂಟಕ್ಕ

ಬೂಟಿನ ತಳಕ್ಕೆ ಅಟ್ಟೆ ಅಂಟಿಸುವುದರಲ್ಲಿ ಅಂಟಕ್ಕನದು ಎತ್ತಿದ ಕೈ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು, ಆದರೆ ಅದು ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಪಯೋಗಕ್ಕೆ ಬರಲಿಲ್ಲ. ಬೂಟು ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಹನ್ನೊಂದು ವರ್ಷ ಒಂದೇ ಮೇಜಿನ ಮುಂದೆ ಕೂತವಳು. ಮರದ ಅಚ್ಚಿಗೆ ಬಿಗಿದ ಬೂಟಿನ ಮೈಗೊಮ್ಮೆ, ರಬ್ಬರಿನ ಅಟ್ಟೆಗೊಮ್ಮೆ ಸೊಲ್ಯೂಷನ್ ಬಳಿದು, ಹದಕ್ಕೆ ಬರುವವರೆಗೆ ಕಾದು, ಎರಡನ್ನೂ ಕೂಡಿಸಿ ಒತ್ತುವುದು ಅವಳ ಕೆಲಸ. ಸೊಲ್ಯೂಷನ್ ಅಂದರೆ ಡಬ್ಬದಲ್ಲಿ ಬರುವ ಹಳದಿ ಅಂಟು. ಹದ ತಿಳಿಯಲು ಉಳಿದವರು ಗಡಿಯಾರ ನೋಡುತ್ತಿದ್ದರೆ, ಅಂಟಕ್ಕ ನಡುಬೆರಳ ತುದಿಯಿಂದ ಮುಟ್ಟಿ ನೋಡುತ್ತಿದ್ದಳು. "ಅದು ಬೆರಳನ್ನ ಹಿಡೀಬೇಕು, ಆದ್ರೆ ಬೆರಳ ಜೊತೆ ಬರಬಾರ್ದು," ಎಂದು ಹೊಸಬರಿಗೆ ಕಲಿಸುತ್ತಿದ್ದಳು. ಅವಳು ಒತ್ತಿದ ಒಂದು ಜೋಡಿಯೂ ಅಟ್ಟೆ ಕಿತ್ತು ವಾಪಸು ಬಂದಿರಲಿಲ್ಲ. ಈ ಮಾತನ್ನು ದಿನಕ್ಕೊಮ್ಮೆಯಾದರೂ ಯಾರ ಕಿವಿಗಾದರೂ ಹಾಕದಿದ್ದರೆ ಅವಳಿಗೆ ಸಮಾಧಾನ ಇರುತ್ತಿರಲಿಲ್ಲ.

ಕಿಟಕಿ ಮುಚ್ಚುವ ಪದ್ಧತಿ ಶುರು ಮಾಡಿದವಳೂ ಅವಳೇ. ಆ ಕೋಣೆಗೆ ಬೀದಿಯ ಕಡೆ ನಾಲ್ಕು ಕಿಟಕಿಗಳಿದ್ದವು. ಗಾಳಿ ಬಿದ್ದರೆ ಅಂಟಿನ ಮೇಲೆ ಹಾಲಿನ ಕೆನೆಯಂತೆ ಪದರ ಕಟ್ಟುತ್ತದೆ, ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಸಾಲದ್ದಕ್ಕೆ ಬೀದಿಯ ಧೂಳು ಬೇರೆ. ಅಂಟಕ್ಕ ಒಂದು ದಿನ ನಾಲ್ಕನ್ನೂ ಮುಚ್ಚಿ, ಫ್ಯಾನನ್ನೂ ನಿಲ್ಲಿಸಿ ನೋಡಿದಳು. ಆ ವಾರ ಕೆಟ್ಟ ಜೋಡಿಗಳು ಅರ್ಧಕ್ಕಿಳಿದವು. ಮೇಸ್ತ್ರಿ ಅವಳನ್ನು ಹೊಗಳಿ ಅಟ್ಟಕ್ಕೇರಿಸಿದ. ಅಂದಿನಿಂದ ಹದಿನಾಲ್ಕು ಹೆಂಗಸರು ಮುಚ್ಚಿದ ಕೋಣೆಯಲ್ಲಿ ಬೆವರುತ್ತಾ ಕೂತರು. ಅವರಲ್ಲಿ ಅಂಟಕ್ಕನ ಸ್ವಂತ ತಂಗಿಯೂ ಒಬ್ಬಳು. ಮೇಸ್ತ್ರಿಯನ್ನು ಅಂಗಲಾಚಿ ಅವಳನ್ನು ಕೆಲಸಕ್ಕೆ ಸೇರಿಸಿ, ತನ್ನ ಪಕ್ಕದ ಸ್ಟೂಲಿನಲ್ಲೇ ಕೂರಿಸಿಕೊಂಡಿದ್ದಳು.

ಅದಾದ ಮೇಲೆ ಡಬ್ಬ ಬದಲಾಯಿತು. ಹೊಸ ಸೊಲ್ಯೂಷನ್ ಹಳೆಯದರಷ್ಟು ಮೂಗಿಗೆ ಹೊಡೆಯುತ್ತಿರಲಿಲ್ಲ, ಬೇಗ ಹದಕ್ಕೆ ಬರುತ್ತಿತ್ತು. ಎಲ್ಲರಿಗೂ ಖುಷಿ. ಮಧ್ಯಾಹ್ನದ ಹೊತ್ತಿಗೆ ತಲೆ ಹಗುರಾಗಿ, ಯಾರೋ ಕೆಮ್ಮಿದರೂ ಹದಿನಾಲ್ಕು ಜನ ಬಿದ್ದು ಬಿದ್ದು ನಗುತ್ತಿದ್ದರು. ಊಟದ ಡಬ್ಬಿಗಳು ಮಾತ್ರ ಅರ್ಧ ತುಂಬಿದಂತೆಯೇ ಮನೆಗೆ ವಾಪಸಾಗುತ್ತಿದ್ದವು. ಆ ನಗುವನ್ನು ನೆನೆದರೆ ಈಗ ಅಂಟಕ್ಕನ ಮೈ ಜುಮ್ಮೆನ್ನುತ್ತದೆ.

ಮೊದಲು ಕಾಲ್ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ಕೂತು ಕೂತು ಜೋಮು ಹಿಡಿದಿದೆ ಎಂದು ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಜೋಮು ಇಳಿಯಲೇ ಇಲ್ಲ. ಒಂದು ಸಂಜೆ ಕಾರ್ಖಾನೆಯ ಮೆಟ್ಟಿಲಿಳಿದು ಬೀದಿ ದಾಟಿ, ಬಸ್ಸು ಹತ್ತಿ, ಮನೆ ಮುಟ್ಟಿದ ಮೇಲೆ ನೋಡಿದರೆ ಎಡಗಾಲಲ್ಲಿ ಚಪ್ಪಲಿಯೇ ಇಲ್ಲ. ಎಲ್ಲಿ ಜಾರಿತೋ ಅವಳಿಗೆ ಗೊತ್ತಿಲ್ಲ. ಊರಿಗೆಲ್ಲ ಬೂಟು ಮಾಡುವವಳು ಬರಿಗಾಲಲ್ಲಿ ಬಂದಳೆಂದು ಗಂಡ ನಕ್ಕ. ಅವಳಿಗೆ ನಗು ಬರಲಿಲ್ಲ. ಮುಂದಿನ ತಿಂಗಳು ಪಾದ ಮೇಲೆತ್ತಲು ಆಗದೆ, ಮೊಣಕಾಲನ್ನು ಎತ್ತೆತ್ತಿ ನೀರಲ್ಲಿ ನಡೆಯುವವಳಂತೆ ನಡೆಯತೊಡಗಿದಳು.

ದೊಡ್ಡಾಸ್ಪತ್ರೆಯ ನರಗಳ ಡಾಕ್ಟರಮ್ಮ ಸಣ್ಣ ಸುತ್ತಿಗೆಯಿಂದ ಮೊಣಕಾಲು, ಹಿಮ್ಮಡಿ ತಟ್ಟಿದರು. ಕಾಲು ಕದಲಲಿಲ್ಲ. ಉಕ್ಕಿನ ಕವೆಯೊಂದನ್ನು ಮೀಟಿ, ಅದು ಕಂಪಿಸುತ್ತಿರುವಾಗಲೇ ಕಾಲಿನ ಹೆಬ್ಬೆರಳ ಮೇಲಿಟ್ಟು, "ಗುಂಯ್ ಅಂತಿದ್ಯಾ?" ಎಂದರು.

"ಯಾವುದು ಡಾಕ್ಟ್ರೇ?" ಎಂದಳು ಅಂಟಕ್ಕ.

ಡಾಕ್ಟರಮ್ಮ ಇನ್ನೊಂದು ಕೋಣೆಗೆ ಕರೆದೊಯ್ದು, ಕಾಲಿಗೆ ತಂತಿ ಅಂಟಿಸಿ ಕರೆಂಟು ಹಾಯಿಸಿ ನೋಡಿದರು. ಆಮೇಲೆ ಅವಳ ಕೆಲಸದ ವಿಚಾರ ಕೇಳಿದರು. ಡಬ್ಬ, ಬೆರಳು, ಕಿಟಕಿ ಎಲ್ಲವನ್ನೂ ಅಂಟಕ್ಕ ಹೇಳಿದಳು. ಕಿಟಕಿಯ ಮಾತು ಬಂದಾಗ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರಮ್ಮ ಚೀಟಿ ತಿರುಗಿಸಿ, ಅದರ ಹಿಂದೆ ಚಿತ್ರ ಬರೆಯಲು ಶುರು ಮಾಡಿದರು.

"ಇದು ನರಕೋಶ. ಸುತ್ತ ಬೇರಿನ ಥರ ಇರೋದೆಲ್ಲ ಸುದ್ದಿ ತಗೊಳ್ಳೋಕೆ. ಈ ಒಂದು ಉದ್ದದ ಎಳೆ ಸುದ್ದಿ ಕಳಿಸೋಕೆ. ನಿಮ್ಮ ಪಾದ ಎತ್ತು ಅನ್ನೋ ಕೋಶ ಬೆನ್ನುಹುರಿ ಒಳಗಿದೆ. ಅಲ್ಲಿಂದ ಪಾದದವರೆಗೂ ಒಂದೇ ಎಳೆ, ನಡುವೆ ಗಂಟಿಲ್ಲ. ನೋವು ತಿಳಿಸೋ ಕೋಶದ್ದೂ ಅಷ್ಟೇ, ಅದು ಬೆನ್ನುಹುರಿ ಪಕ್ಕದಲ್ಲೇ ಕೂತಿರುತ್ತೆ."

"ಒಂದೇ ಎಳೇನಾ? ಸೊಂಟದಿಂದ ಹೆಬ್ಬೆರಳ ತನಕ?" ಹನ್ನೊಂದು ವರ್ಷ ದಾರ, ಚರ್ಮ, ಹೊಲಿಗೆಗಳ ನಡುವೆ ಬದುಕಿದವಳಿಗೆ ಅಷ್ಟುದ್ದದ ಗಂಟಿಲ್ಲದ ಎಳೆ ಎಂದರೆ ನಂಬಲು ಕಷ್ಟವಾಯಿತು.

"ಹ್ಞೂಂ. ಕೂದಲಿಗಿಂತ ತೆಳು. ಇಂಥ ಸಾವಿರಾರು ಎಳೆ ಒಟ್ಟಿಗೆ ಕಟ್ಟಿದ್ರೆ ಒಂದು ನರ. ಎಳೆ ಸುತ್ತ ಬೇರೆ ಕೋಶಗಳು ಕೊಬ್ಬಿನ ಹೊದಿಕೆ ಸುತ್ತಿರ್ತವೆ, ಅಲ್ಲಲ್ಲಿ ಸಣ್ಣ ಸಂದು ಬಿಟ್ಟು. ಸುದ್ದಿ ಸಂದಿಂದ ಸಂದಿಗೆ ಜಿಗೀತಾ ಹೋಗುತ್ತೆ. ಆದ್ರೆ ಎಳೇನ ಉಳಿಸೋ ಸಾಮಾನೆಲ್ಲ ಮೇಲೆ ಕೋಶದಲ್ಲೇ ತಯಾರಾಗಿ, ಎಳೆ ಒಳಗೇ ಇಳಿದು ತುದಿ ಮುಟ್ಟಬೇಕು. ನಿಮ್ಮ ಸೊಲ್ಯೂಷನ್ನಿನ ಆವಿ ಆ ಸಾಗಾಟವನ್ನೇ ಕೆಡಿಸಿದೆ. ಸಾಮಾನು ದಾರೀಲಿ ಸಿಕ್ಕೊಂಡು ಎಳೆ ಊದಿಕೊಳ್ಳುತ್ತೆ, ತುದಿ ಉಪವಾಸ ಬಿದ್ದು ಸಾಯುತ್ತೆ. ಉದ್ದದ ಎಳೆಗಳು ಮೊದಲು, ಅದಕ್ಕೇ ಕಾಲು. ಆಮೇಲೆ ಕೈ."

ಅಂಟಕ್ಕ ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

"ನಾಳೆಯಿಂದ ಆ ಕೋಣೆಗೆ ಕಾಲಿಡಬೇಡಿ. ಇನ್ನೊಂದು ಮಾತು, ಚೆನ್ನಾಗಿ ಕೇಳಿಸ್ಕೊಳ್ಳಿ. ಬಿಟ್ಟ ಮೇಲೂ ಎರಡು ಮೂರು ತಿಂಗಳು ಇದು ಜಾಸ್ತಿನೇ ಆಗುತ್ತೆ. ಕೆಡೋಕೆ ಶುರುವಾದ ಎಳೆ ತಕ್ಷಣ ನಿಲ್ಲೋದಿಲ್ಲ. ಆಮೇಲೆ ಮೆಲ್ಲಗೆ ಚಿಗುರುತ್ತೆ, ದಿನಕ್ಕೊಂದು ಸಾಸಿವೆ ಕಾಳಿನಷ್ಟೂ ಇಲ್ಲ. ಪೂರ್ತಿ ವಾಪಸು ಬರುತ್ತೆ ಅಂತ ನಾನು ಮಾತು ಕೊಡಲಾರೆ. ಜೊತೇಲಿ ಕೆಲಸ ಮಾಡೋರನ್ನೂ ಕರ್ಕೊಂಡು ಬನ್ನಿ."

ಅಂಟಕ್ಕ ಆಸ್ಪತ್ರೆಯಿಂದ ನೇರ ಕಾರ್ಖಾನೆಗೆ ಹೋಗಿ ನಾಲ್ಕೂ ಕಿಟಕಿಗಳನ್ನು ತೆರೆದಳು. ಈ ಆವಿ ವಿಷ, ಎದ್ದು ಆಸ್ಪತ್ರೆಗೆ ಬನ್ನಿ ಎಂದು ಎಷ್ಟು ಹೇಳಿದರೂ ಹೆಂಗಸರು ಮುಖ ಮುಖ ನೋಡಿಕೊಂಡರೇ ಹೊರತು ಯಾರೂ ಏಳಲಿಲ್ಲ. ನಿನ್ನೆಯವರೆಗೆ ಕಿಟಕಿ ತೆರೆದವರ ಮೇಲೆ ಹರಿಹಾಯುತ್ತಿದ್ದವಳು ಇವತ್ತು ಹೀಗಂದರೆ ಯಾರು ತಾನೇ ನಂಬುತ್ತಾರೆ? ತಂಗಿ ಮಾತ್ರ ಬಾಗಿಲವರೆಗೆ ಬಂದಳು.

"ನೀನೂ ಬಿಡು. ಇವತ್ತೇ ಬಿಡು," ಎಂದಳು ಅಂಟಕ್ಕ.

"ನನಗೇನಾಗಿದೆ ಕಣೆ? ಗುಂಡುಕಲ್ಲಿನ ಹಾಗಿದ್ದೀನಿ. ನೀನು ಬಿಟ್ಟು ಹುಷಾರಾಗು. ನೀನು ಸರಿಯಾಗಿ ನಡೆದಿದ್ದನ್ನ ಈ ಕಣ್ಣಲ್ಲಿ ನೋಡಿದ ದಿನ ನಾನೂ ಬಿಡ್ತೀನಿ." ತಂಗಿ ಕಡ್ಡಿ ಮುರಿದಂತೆ ಹೇಳಿ, ಹೋಗಿ ಸ್ಟೂಲಿನ ಮೇಲೆ ಕೂತಳು.

ಡಾಕ್ಟರಮ್ಮ ಹೇಳಿದ್ದು ಒಂದಕ್ಷರವೂ ಸುಳ್ಳಾಗಲಿಲ್ಲ. ಆರನೇ ವಾರಕ್ಕೆ ಮರಗಟ್ಟುವಿಕೆ ಮೊಣಕಾಲು ದಾಟಿತು. ಕೈಬೆರಳುಗಳಿಗೆ ಗುಂಡಿ ಹಾಕುವುದು ಸಾಧ್ಯವಾಗಲಿಲ್ಲ. ಸುದ್ದಿ ಕಾರ್ಖಾನೆಗೂ ಮುಟ್ಟಿತು. "ಸೊಲ್ಯೂಷನ್ನೇ ಕಾರಣ ಆಗಿದ್ರೆ ಮನೇಲಿ ಕೂತ ಮೇಲೆ ಕಮ್ಮಿ ಆಗಬೇಕಿತ್ತಲ್ಲ? ಅವಳದು ಬೇರೆ ಏನೋ ಕಾಯಿಲೆ," ಎಂದ ಮೇಸ್ತ್ರಿ. ಲೆಕ್ಕಾಚಾರ ಎಷ್ಟು ಸರಿಯಾಗಿ ಕಾಣುತ್ತಿತ್ತೆಂದರೆ ಎಲ್ಲರೂ ತಲೆಯಾಡಿಸಿದರು. ಕಿಟಕಿಗಳು ಒಂದೊಂದಾಗಿ ಮತ್ತೆ ಮುಚ್ಚಿಕೊಂಡವು. ಇದನ್ನು ತಂಗಿಯೇ ಬಂದು, ಏನೋ ಒಳ್ಳೆಯ ಸುದ್ದಿ ತಂದವಳಂತೆ ಹೇಳಿದಳು. ಅಂಟಕ್ಕ ಡಾಕ್ಟರಮ್ಮನ ಚಿತ್ರ ತೋರಿಸಿದಳು, ಬೈದಳು, ಅತ್ತಳು. ತಂಗಿ ನಂಬುವುದು ಕಣ್ಣಿಗೆ ಕಂಡದ್ದನ್ನು ಮಾತ್ರ.

ಹಾಗಾದರೆ ಕಣ್ಣಿಗೇ ತೋರಿಸಬೇಕು ಎಂದು ಅಂಟಕ್ಕ ಹಟ ಹಿಡಿದಳು. ನರದ ಎಳೆ ಚಿಗುರುವವರೆಗೆ ಕಾದರೆ ತಂಗಿಗೆ ಹೊತ್ತು ಮೀರುತ್ತದೆ. ಮಂಚದಿಂದ ಬಾಗಿಲಿಗೆ ಆರು ಹೆಜ್ಜೆ. ಅದನ್ನು ಒಳ್ಳೆಯ ಕಾಲಿನವಳಂತೆ ನಡೆದುಬಿಟ್ಟರೆ ಸಾಕು. ಗಂಡ ಕೆಲಸಕ್ಕೆ ಹೋದ ಮೇಲೆ ಗೋಡೆ ಹಿಡಿದು, ಗೋಡೆ ಬಿಟ್ಟು, ಬಿದ್ದು, ಎದ್ದು ಅಭ್ಯಾಸ ಮಾಡಿದಳು. ಕಷ್ಟ ಇದ್ದದ್ದು ಕಣ್ಣಿನಲ್ಲಿ. ಪಾದ ಎಲ್ಲಿದೆ ಎಂದು ಪಾದ ಹೇಳುವುದನ್ನು ನಿಲ್ಲಿಸಿತ್ತು, ಅದನ್ನು ನೋಡಿಯೇ ತಿಳಿಯಬೇಕು. ಆದರೆ ನೆಲ ನೋಡಿಕೊಂಡು ನಡೆದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ತಲೆ ಎತ್ತಿ, ಎದುರಿನ ಬಾಗಿಲನ್ನೇ ನೋಡುತ್ತಾ ಹೆಜ್ಜೆ ಹಾಕಲು ಕಲಿತಳು. ಹದಿನೆಂಟು ದಿನ ಹಿಡಿಯಿತು.

ರಜೆಯ ದಿನ ತಂಗಿ ಹೊಸ್ತಿಲು ಎಡವಿಕೊಂಡು ಬಂದು ಬಾಗಿಲಲ್ಲಿ ನಿಂತಾಗ, "ಅಲ್ಲೇ ನಿಲ್ಲು, ನೋಡು," ಎಂದು ಅಂಟಕ್ಕ ಮಂಚದಿಂದ ಎದ್ದಳು. ಒಂದು ಹೆಜ್ಜೆ. ಎರಡು. ಕಣ್ಣು ತಂಗಿಯ ಮುಖದ ಮೇಲೆಯೇ ಇತ್ತು. ಮೂರು. ತಂಗಿಯ ಮುಖ ಅರಳಿತು. "ಅಯ್ಯೋ ಅಕ್ಕಾ! ನಡೀತಿದ್ದೀಯ!" ಎಂದಳು. ಅಂಟಕ್ಕನಿಗೆ ಗೆದ್ದೆ ಅನ್ನಿಸಿತು. ನಾಲ್ಕು. ಐದು. ತಂಗಿಯ ನಗು ಅಲ್ಲಿಗೆ ನಿಂತಿತು. ಅವಳು ನೆಲ ನೋಡುತ್ತಿದ್ದಳು.

ನೆಲದ ಮೇಲೆ ಕೆಂಪು ಹೆಜ್ಜೆಗಳಿದ್ದವು. ಬೆಳಿಗ್ಗೆ ಅಂಟಕ್ಕನ ಕೈಯಿಂದ ಜಾರಿ ಗಾಜಿನ ಲೋಟ ಒಡೆದಿತ್ತು. ಗುಡಿಸಿದ್ದಳು, ಆದರೆ ಒಂದು ಚೂರು ಉಳಿದುಹೋಗಿತ್ತು. ಅದು ಹಿಮ್ಮಡಿಯೊಳಗೆ ಪೂರ್ತಿ ಇಳಿದಿದ್ದರೂ ಅವಳು ನಗುತ್ತಲೇ ನಿಂತಿದ್ದಳು.

ತಂಗಿ ಅವಳನ್ನು ಕೂರಿಸಿ, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಚೂರು ಕೀಳಲು ಹೋದಳು. ಬೆರಳು ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. "ಹಿಡಿತಕ್ಕೇ ಸಿಗ್ತಿಲ್ಲ ಕಣೆ," ಎಂದು ಗೊಣಗುತ್ತಾ ನಾಲ್ಕನೇ ಸಲಕ್ಕೆ ಎಳೆದು ತೆಗೆದಳು. ಗಾಯಕ್ಕೆ ಬಟ್ಟೆ ಸುತ್ತುತ್ತಾ, "ಯಾಕೆ ಈ ನಾಟಕ ಆಡಿದೆ? ನನಗೋಸ್ಕರ ತಾನೇ?" ಎಂದು ಬಿಕ್ಕಿದಳು.

ಅಂಟಕ್ಕನಿಗೆ ಅದು ಕೇಳಿಸಲಿಲ್ಲ. ಅವಳು ತಂಗಿಯ ಕೈಯನ್ನೇ ನೋಡುತ್ತಿದ್ದಳು. ತೋರುಬೆರಳ ತುದಿ ಉದ್ದಕ್ಕೆ ಸೀಳಿ, ಚರ್ಮ ಬಾಯಿ ಬಿಟ್ಟಿತ್ತು. ರಕ್ತ ಮಣಿಕಟ್ಟಿನವರೆಗೆ ಇಳಿಯುತ್ತಿತ್ತು. ತಂಗಿ ಕೈ ಹಿಂದೆಗೆದಿರಲಿಲ್ಲ, ಒಮ್ಮೆಯೂ ಹಾ ಅಂದಿರಲಿಲ್ಲ.

"ನಿನ್ನ ಬೆರಳು," ಎಂದಳು ಅಂಟಕ್ಕ.

ತಂಗಿ ಕೈ ತಿರುಗಿಸಿ ನೋಡಿಕೊಂಡಳು. "ಇದಾ? ಇದು ನಿನ್ನ ಕಾಲಿನ ರಕ್ತ ಅಕ್ಕ."

ಅಂಟಕ್ಕ ಅವಳ ಕೈ ಹಿಡಿದುಕೊಂಡು ಬಟ್ಟೆಯಿಂದ ಬೆರಳನ್ನು ಒರೆಸಿದಳು. ರಕ್ತ ಮತ್ತೆ ಬಂತು, ತಂಗಿಯ ಬೆರಳಿನಿಂದಲೇ ಬಂತು.