ಇಳಿತವಿಲ್ಲದ ನೀರು

ನಾನು ಹುಟ್ಟಿದ್ದು ಹೊನ್ನಾವರದ ಹತ್ತಿರ, ಶರಾವತಿ ಸಮುದ್ರ ಸೇರುವಲ್ಲಿ. ನಡುಗಡ್ಡೆಗೆ ನಮ್ಮ ಕಡೆ ಕುರ್ವೆ ಎನ್ನುತ್ತಾರೆ. ಅಪ್ಪ ಆ ಕುರ್ವೆಗಳಿಗೆ ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದ. ನನಗೆ ಹುಟ್ಟು ಹಾಕಲು ಯಾವ ವಯಸ್ಸಿನಲ್ಲಿ ಬಂತೋ ನೆನಪಿಲ್ಲ. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಭರತ ಯಾವಾಗ, ಇಳಿತ ಯಾವಾಗ ಎಂದು ನೋಡಿಕೊಂಡೇ ಒಲೆ ಹಚ್ಚುತ್ತಿದ್ದೆವು. ನೂಲ ಹುಣ್ಣಿಮೆಯ ದಿನ ಅಪ್ಪ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಕೈಮುಗಿಯುತ್ತಿದ್ದ. ಸಮುದ್ರದ ಮೇಲೆ ಅವನಿಗೆ ಭಕ್ತಿ ಇತ್ತು, ಸಲಿಗೆ ಇರಲಿಲ್ಲ. "ಅದು ಎಷ್ಟೇ ಮೇಲೆ ಬರ್ಲಿ, ಬಂದ ನೀರು ಇಳೀಲೇಬೇಕು" ಎಂಬುದೊಂದೇ ಅವನ ಧೈರ್ಯ.

ಮದುವೆಯಾಗಿ ಘಟ್ಟ ಹತ್ತಿ ಸಾಗರ ತಾಲ್ಲೂಕಿಗೆ ಬಂದೆ. "ಅದೇ ಹೊಳೆ, ಸ್ವಲ್ಪ ಮೇಲುಗಡೆ ಅಷ್ಟೆ" ಎಂದಿದ್ದರು ಸಂಬಂಧ ತಂದವರು. ಗಂಡನ ಮನೆ ಹೊನ್ನೆಮರಡಿನಿಂದ ಆಚೆ, ಒಂದು ಗುಡ್ಡದ ಮೇಲಿತ್ತು. ಕೆಳಗೆ ಗೇಣಿಗೆ ಮಾಡುತ್ತಿದ್ದ ಗದ್ದೆ. ಮನೆಯಲ್ಲಿ ಗಂಡ, ಅತ್ತೆ, ನಾನು ಮೂವರೇ. ಕೆಲಸಕ್ಕೆ ಕೊರತೆಯಿರಲಿಲ್ಲ, ಆದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತವರಿನಲ್ಲಿ ಈಗ ಭರತದ ಹೊತ್ತು ಎಂದು ಮೈಗೆ ಗೊತ್ತಾಗಿಬಿಡುತ್ತಿತ್ತು. ಕೈಲಿದ್ದ ಮೊರ ಕೆಳಗಿಟ್ಟು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ಅಂಗಳದಿಂದ ಕಾಣುತ್ತಿದ್ದುದು ಕಾಡು ಮಾತ್ರ.

"ಎಂತ ನೋಡ್ತಿ ಅಲ್ಲಿ?" ಎಂದು ಅತ್ತೆ ಕೇಳುತ್ತಿದ್ದರು.

"ಎಂತಿಲ್ಲ ಅತ್ತೆ."

ಅರವತ್ತರ ದಶಕದ ನಡುವೆ ಲಿಂಗನಮಕ್ಕಿಯ ಅಣೆಕಟ್ಟೆ ಎದ್ದಿತು. ಆಫೀಸಿನವರು ಬಂದು ನೀರು ಎಲ್ಲಿಯವರೆಗೆ ಏರುತ್ತದೆಂದು ಮರಗಳಿಗೆ ಗುರುತು ಹಾಕಿದರು. ನಮ್ಮ ಗದ್ದೆ ಗುರುತಿನ ಕೆಳಗೆ, ಮನೆ ಮೇಲೆ. ನೆರೆಯವರು ಲಾರಿಗಳಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆಗೆ ಹೊರಟರು. ಗಂಡ ಮಾತ್ರ, "ಮನೆ ಮುಳುಗೋದಿಲ್ಲ ಅಂದ್ಮೇಲೆ ಎಲ್ಲಿಗೆ ಅಂತ ಹೋಗೋದು?" ಎಂದು ಉಳಿದುಬಿಟ್ಟರು.

ಗದ್ದೆಯ ಅಂಚಿನಲ್ಲಿ ಒಂದು ಹೊನ್ನೆ ಮರ, ಅದರ ಬುಡದಲ್ಲಿ ಮನೆಯವರು ತಲೆಮಾರುಗಳಿಂದ ಪೂಜೆ ಮಾಡಿಕೊಂಡು ಬಂದ ಚೌಡಿಯ ಕಲ್ಲು. ಅದನ್ನು ಮೇಲೆ ತರಬೇಕೋ ಬೇಡವೋ ಎಂದು ಅತ್ತೆ ಒದ್ದಾಡುತ್ತಿದ್ದರು. ನೆಲೆಯಾದ ದೇವರನ್ನು ಎಬ್ಬಿಸಬಾರದು ಎಂಬ ಹೆದರಿಕೆ. ನೀರು ಗದ್ದೆಗೆ ಕಾಲಿಟ್ಟ ದಿನ ನನ್ನನ್ನು ಕರೆದು ಕೇಳಿದರು:

"ನೀನು ಸಮುದ್ರದ ಕಡೆಯವಳು. ಹೇಳು, ಈ ನೀರು ಇಳೀತದಾ?"

ನಾನು ಯೋಚಿಸಲೇ ಇಲ್ಲ. "ಬಂದ ನೀರು ಇಳೀಲೇಬೇಕು ಅತ್ತೆ" ಎಂದೆ.

ಹೇಳಿದ ಮೇಲೆ ನನಗೇ ದಿಗಿಲಾಯಿತು. ನೀರಿನ ಅಂಚಿಗೆ ಒಂದು ಕೋಲು ನೆಟ್ಟೆ. ಮಧ್ಯಾಹ್ನ ನೋಡಿದರೆ ಕೋಲಿನ ಬುಡ ಮುಳುಗಿತ್ತು. ಸಂಜೆಗೆ ಇನ್ನೊಂದು ಕೋಲು, ಬೆಳಗ್ಗೆ ಮತ್ತೊಂದು. ಒಂದು ದಿನಕ್ಕೆ ಎಂಟು ಹತ್ತು ಸಲ ಗುಡ್ಡ ಇಳಿದು ಹತ್ತುತ್ತಿದ್ದೆ. ಈ ನೀರಿಗೆ ಅಲೆಯಿರಲಿಲ್ಲ, ಉಪ್ಪಿನ ವಾಸನೆಯಿರಲಿಲ್ಲ, ಉಸಿರೇ ಇರಲಿಲ್ಲ. ಸದ್ದಿಲ್ಲದೆ ಮೇಲೆ ಬರುವುದೊಂದೇ ಅದಕ್ಕೆ ಗೊತ್ತಿದ್ದುದು. ಅತ್ತೆ ಮಾತ್ರ ನನ್ನ ಮಾತು ನಂಬಿ ಕಾದರು. ನಾಲ್ಕು ದಿನ ಬಿಡದೆ ಮಳೆ ಹೊಡೆದು, ಐದನೆಯ ದಿನ ಕಲ್ಲು ಕಾಣಲಿಲ್ಲ.

ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಹೊತ್ತಿಗೆ ಒಂದು ಕಾಲುದಾರಿ ಬಿಟ್ಟರೆ ನಮ್ಮ ಗುಡ್ಡವೇ ಒಂದು ಕುರ್ವೆಯಾಗಿತ್ತು. ಗಂಡ ಆಚಾರಿಯನ್ನು ಕರೆಸಿ ಮಾವಿನ ದಿಮ್ಮಿಯಲ್ಲಿ ದೋಣಿ ಕೆತ್ತಿಸಿದರು. ಆಚಾರಿಗೆ ದೋಣಿ ಮಾಡಿ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಹೇಳಿಕೊಟ್ಟವಳು ನಾನು. ನೀರಿಗಿಳಿಸಿದ ದಿನ ಗಂಡ, "ಹೆಂಗಸರು ದೋಣಿ ಬಿಡೋದಾ?" ಎಂದರು. "ಹಂಗಾದ್ರೆ ನೀವೇ ಬಿಡಿ" ಎಂದೆ. ಅವರು ಹತ್ತಿ, ಎರಡು ಕೈಯಲ್ಲೂ ಅಂಚು ಹಿಡಿದುಕೊಂಡು ಕೂತರು. ಆಮೇಲೆ ಆ ಮಾತು ಎತ್ತಲಿಲ್ಲ.

ಒಂದು ಶುಕ್ರವಾರ ಬೆಳಗ್ಗೆ ಅತ್ತೆ ತೆಂಗಿನಕಾಯಿ, ಹೂವು ಹಿಡಿದು ದಡಕ್ಕೆ ಬಂದರು. "ಚೌಡಿ ಇದ್ದಲ್ಲಿಗೆ ಕರ್ಕೊಂಡು ಹೋಗ್ತೀಯಾ?" ನೀರು ಕಂಡರೆ ನಡುಗುವ ಹೆಂಗಸು. ಕೈಹಿಡಿದು ಕೂರಿಸಿಕೊಂಡೆ.

ಹೊನ್ನೆ ಮರದ ನೆತ್ತಿ ನೀರಿನಿಂದ ಮೇಲೆ ಕಾಣುತ್ತಿತ್ತು. ಹತ್ತಿರ ಹೋಗುವಾಗ ಮುಳುಗಿದ್ದ ಕೊಂಬೆಯೊಂದಕ್ಕೆ ದೋಣಿ ಸಿಕ್ಕಿ ವಾಲಿತು. ಒಂದು ಬದಿಯಿಂದ ನೀರು ನುಗ್ಗಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ನಾನು ಹುಟ್ಟನ್ನು ಕೊಂಬೆಗೆ ಒತ್ತಿ ಮೈಭಾರವನ್ನೆಲ್ಲ ಹಾಕಿ ನೂಕಿದೆ. ಎರಡನೆಯ ಸಲಕ್ಕೆ ದೋಣಿ ಬಿಡಿಸಿಕೊಂಡಿತು. ಕೂತು ಕೈಯಲ್ಲೇ ನೀರು ಮೊಗೆದು ಚೆಲ್ಲಿದೆ. ಅತ್ತೆ ಕಣ್ಣು ಬಿಟ್ಟು, ಹೂವು, ಕಾಯಿ ಎರಡನ್ನೂ ನೀರಿಗೆ ಬಿಟ್ಟರು. ಕಾಯಿ ಮುಳುಗದೆ ತೇಲುತ್ತ ನಿಂತಿತು.

ನಾನು ಹುಟ್ಟನ್ನು ಮಡಿಲಲ್ಲಿಟ್ಟು ಕೂತು, "ನಾನು ಹೇಳಿದ್ದು ತಪ್ಪಾಯ್ತು ಅತ್ತೆ" ಎಂದೆ.

"ಕೇಳಿದ್ದು ನಾನು" ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮನೆಗೆ ಬಂದ್ಮೇಲೆ ನೀನು ಒಂದು ಕಡೆ ಸುಮ್ನೆ ಕೂತಿದ್ದು ಇವತ್ತೇ ನೋಡಿದ್ದು" ಎಂದರು.

ಮರುಬೇಸಗೆಯಲ್ಲಿ ನೀರು ಹಿಂದೆ ಸರಿದು ಕಲ್ಲು ಕೆಸರಿನಿಂದ ತಲೆ ಎತ್ತಿತು. ಅತ್ತೆ ಒಪ್ಪಿದ ಮೇಲೆ ಗಂಡ ಇಬ್ಬರನ್ನು ಕರೆತಂದು ಅದನ್ನು ಗುಡ್ಡದ ಮೇಲಕ್ಕೆ ಸಾಗಿಸಿದರು. ನಾನು ಆಚೀಚೆ ಗುಡ್ಡಗಳಲ್ಲಿ ಉಳಿದವರನ್ನು ಸಂತೆಗೆ, ಆಸ್ಪತ್ರೆಗೆ ದಾಟಿಸುವವಳಾದೆ. ಆದರೂ ಬೆಳಗ್ಗೆ ಎದ್ದವಳು ಮೊದಲು ಹೋಗಿ ನೀರಿನ ಅಂಚು ನೋಡುವ ಚಟ ಬಿಡಲಿಲ್ಲ.

ಎರಡು ವರ್ಷದ ಮೇಲೆ ಅತ್ತೆಯನ್ನು ತವರಿಗೆ ಕರೆದುಕೊಂಡು ಹೋದೆ. ಅವರು ಸಮುದ್ರ ನೋಡಿದ್ದು ಅದೇ ಮೊದಲು. ಸೀರೆ ಎತ್ತಿ ಹಿಡಿದು ದಂಡೆಯಲ್ಲಿ ಬಹಳ ಹೊತ್ತು ನಿಂತಿದ್ದರು. ಆಮೇಲೆ ಅಪ್ಪನ ಕಡೆ ತಿರುಗಿ ಕೇಳಿದರು:

"ಇಷ್ಟು ನೀರು ಯಾರ ಗದ್ದೆ ಮೇಲೆ ನಿಂತದೆ?"

ಅಪ್ಪ ನಗಲು ಹೊರಟವನು ಅವರ ಮುಖ ನೋಡಿ ತಡೆದುಕೊಂಡು, "ಬನ್ನಿ ಅಮ್ಮಾ, ಬಿಸಿಲಾಯ್ತು, ಊಟ ಮಾಡುವ" ಎಂದ. ಅವರಿಬ್ಬರೂ ಮುಂದೆ ನಡೆದರು. ನಾನು ಅಲ್ಲೇ ನಿಂತು, ಇಳಿಯುತ್ತಿದ್ದ ನೀರಿನ ಅಂಚನ್ನೇ ನೋಡುತ್ತಿದ್ದೆ.